ಬನ್ನಿ ಗಿಡದ ಕೆಳಗೆ ಸಿನಿಮಾ ತೋಪು

1974ರ ವಿಜಯದಶಮಿಯ ಸಂಜೆ ನಮ್ಮೂರ ಬನ್ನಿ ಗಿಡದ ಕೆಳಗೆ ಮದ್ದು ತುಂಬಿ ನಿಲ್ಲಿಸಿದ್ದ ಒಂದು ತೋಪು ಹಾರಲಿಲ್ಲ. ಸುತ್ತ ಊರೆಲ್ಲ ನೆರೆದಿತ್ತು. ಯಾರಿಗೂ ಗಾಯವಾಗಲಿಲ್ಲ. ಗಾಯವಾಗದ ಕಾರಣ ಅದು ಪತ್ರಿಕೆಯಲ್ಲಿ ಬರಲಿಲ್ಲ.

ನಮ್ಮೂರು ಮುದ್ದೇಬಿಹಾಳಕ್ಕೂ ಬಸವನ ಬಾಗೇವಾಡಿಗೂ ನಡುವೆ ಇದೆ. ಆಗ ನಾನು ಊರ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಜೊತೆಗೆ ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಈ ಭಾಗದ ಸುದ್ದಿ ಕಳಿಸುತ್ತಿದ್ದೆ. ಕಂಡದ್ದನ್ನು ಬರೆಯಿರಿ, ಅನಿಸಿದ್ದನ್ನು ಬಿಡಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಈ ಸಂಗತಿಯನ್ನೂ ಹಾಗೆಯೇ ಬರೆಯುತ್ತಿದ್ದೇನೆ.

ತೋಪು ಗುರುಲಿಂಗಪ್ಪ ಸಾವಕಾರರದು. ಮುದ್ದೇಬಿಹಾಳದ ಮಾರುಕಟ್ಟೆಯಲ್ಲಿ ಅವರ ಅಡತಿ ಅಂಗಡಿ ಇತ್ತು. ಜೋಳ, ಶೇಂಗಾ, ಕುಸುಬೆಯ ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅವರ ಜೀವವೆಲ್ಲ ನಾಟಕ, ಸಿನಿಮಾದ ಸಾಮಾನುಗಳಲ್ಲಿ. ಬೀಡು ಬಿಟ್ಟ ನಾಟಕ ಕಂಪನಿಗಳು ಮುಳುಗಿದಾಗ ಎಲ್ಲಿ ಲಿಲಾವು, ಅಂದರೆ ಹರಾಜು, ನಡೆದರೂ ಹೋಗುತ್ತಿದ್ದರು. ಅವರ ಪಡಸಾಲೆಯಲ್ಲಿ ರಾಜಪಾರ್ಟಿನ ಕಿರೀಟ, ಭೀಮನ ಗದೆ, ಸ್ತ್ರೀಪಾತ್ರದ ಗಂಡಸೊಬ್ಬರು ಇಪ್ಪತ್ತು ವರ್ಷ ತೊಟ್ಟ ಚೌರಿಯ ಜಡೆ, ನಾಟಕದ ಹ್ಯಾಂಡ್‌ಬಿಲ್ಲಿನ ಹಿಂದೆ ನಟನಟಿಯರು ಹಾಕಿದ ಸಹಿಗಳು, ಎಲ್ಲ ಸಾಲಾಗಿ ಇದ್ದವು. ಪ್ರತಿಯೊಂದರ ಕೆಳಗೆ ಇದು ಯಾರದು, ಯಾವ ಊರ ಆಟದ್ದು ಎಂದು ಬರೆದ ಚೀಟಿ. ನೋಡಲು ಬಂದವರಿಗೆ ಮೊದಲು ಚಹಾ, ಆಮೇಲೆ ಒಂದೊಂದು ಸಾಮಾನಿನ ಕಥೆ. ಅವರ ಒಂದು ಮಾತು ಊರಿಗೆಲ್ಲ ಬಾಯಿಪಾಠವಾಗಿತ್ತು: "ನನ್ನ ಮನ್ಯಾಗ ಖೊಟ್ಟಿ ಮಾಲ್ ಇಲ್ರಿ." ಖೊಟ್ಟಿ ಎಂದರೆ ನಕಲಿ. ಊರವರು ಹಿಂದೆ ನಗುತ್ತಿದ್ದರು. ಎಲ್ಲಾ ಸಾವಕಾರರು ಬಂಗಾರ ಕೂಡಿಟ್ಟರೆ ನಮ್ಮ ಸಾವಕಾರ ಬೇಗಡೆ ಕೂಡಿಟ್ಟಾನ ಎನ್ನುವುದು ಕಟ್ಟೆಯ ಮೇಲಿನ ಮಾತು. ಆದರೆ ಬೀಗರು ಬಂದಾಗ ಅದೇ ಜನ ಅವರನ್ನು ಕರೆದುಕೊಂಡು ಹೋಗಿ ಆ ಪಡಸಾಲೆ ತೋರಿಸುತ್ತಿದ್ದರು.

ಹಿಂದಿನ ವರ್ಷ ಇಂಡಿ ಪಟ್ಟಣದ ಕಡೆಯ ಬಯಲಿನಲ್ಲಿ ಮುಂಬೈಯ ಸಿನಿಮಾದವರು ಬಂದು ಕೋಟೆಯ ಕಾಳಗದ ದೃಶ್ಯ ತೆಗೆದುಕೊಂಡು ಹೋಗಿದ್ದರು. ಅವರಿಗೆ ಬಿದಿರು, ಕೂಲಿ ಜನ ಒದಗಿಸಿದ್ದ ಗುತ್ತಿಗೆದಾರ, ಅವರು ಬಿಟ್ಟುಹೋದ ಸಾಮಾನನ್ನು ಬೇಸಿಗೆಯಲ್ಲಿ ಸಿಂದಗಿಗೆ ತಂದು ಲಿಲಾವಿಗೆ ಇಟ್ಟ. ಸುದ್ದಿ ಆದೀತು ಎಂದು ನಾನೂ ಸಾವಕಾರರ ಜೊತೆ ಬಸ್ಸು ಹತ್ತಿದೆ.

ಗೋದಾಮಿನ ಮುಂದಿನ ಬಯಲಲ್ಲಿ ಢಾಲು, ಭರ್ಜಿ, ಸಿಂಹಾಸನ, ಹರಿದ ಡೇರೆ ರಾಶಿ ಬಿದ್ದಿದ್ದವು. ನಡುವೆ ಗಾಲಿಗಳ ಮೇಲೆ ತೋಪು. ಹಿತ್ತಾಳೆಯ ಬಣ್ಣ, ಬಾಯಿಯ ಸುತ್ತ ಸಿಂಹದ ಮುಖ. ಬಾಯಿಯ ಕೆಳಗೆ ಆ ಚಿತ್ರದ ನಾಯಕನಟ ಬಿಳಿ ಬಣ್ಣದಲ್ಲಿ ಹಾಕಿದ ಸಹಿ. ಚಿತ್ರೀಕರಣ ಮುಗಿದ ದಿನ ತೋಪಿನ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡು ಸಹಿ ಮಾಡಿದನೆಂದು ಗುತ್ತಿಗೆದಾರ ಹೇಳಿದ. ಸಾವಕಾರರು ಬಗ್ಗಿ ಆ ಸಹಿಯನ್ನು ಬಹಳ ಹೊತ್ತು ನೋಡಿದರು. ಎದ್ದು ನಿಂತಾಗ ಅವರ ನಿರ್ಧಾರ ಆಗಿಹೋಗಿತ್ತು.

ತೋಪಿಗೆ ಎದುರಾಳಿಯಾಗಿ ಇಂಡಿ ಪಟ್ಟಣದ ಒಬ್ಬ ಗುಜರಿ ವ್ಯಾಪಾರಿ ಮಾತ್ರ ಇದ್ದ. ಲೋಹದ ಆಸೆಗೆ ಬಂದವನು. ಇಬ್ಬರೂ ಏರಿಸುತ್ತ ಹೋದರು. ನಡುವೆ ಒಮ್ಮೆ ಅವನು ತೋಪಿನ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಎರಡು ಕಡೆ ತಟ್ಟಿದ. ತಿರುಗಿ ಬಂದು ಸುಮ್ಮನೆ ನಿಂತುಬಿಟ್ಟ. ಗುತ್ತಿಗೆದಾರ ಒಂದು ಸಲ, ಎರಡು ಸಲ ಎಂದು ಕೂಗಿದರೂ ಬಾಯಿ ಬಿಡಲಿಲ್ಲ. ತೋಪು ಸಾವಕಾರರಿಗಾಯಿತು. ಹೋಗುವಾಗ ಆ ಗುಜರಿಯವನು ನಕ್ಕು, "ತೊಗೊಳ್ರಿ ಸಾವಕಾರ್ರ, ನಿಮಗ ಒಪ್ಪೂ ಮಾಲೈತಿ" ಎಂದ. ಆ ಮಾತನ್ನು ನಾನು ಹೊಗಳಿಕೆ ಎಂದುಕೊಂಡೆ.

ತೋಪನ್ನು ಲಾರಿಗೆ ಏರಿಸಲು ಹಮಾಲರು ಬೆವರು ಸುರಿಸಿದರು. ಊರಲ್ಲಿ ಇಳಿಸುವಾಗಲೂ ಅಷ್ಟೇ ಕಷ್ಟ. ಆ ಭಾರ ಕಂಡವರು ಯಾರೂ ಅದು ನಿಜವಾದ ತೋಪೋ ಅಲ್ಲವೋ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾವು ವಿಜಾಪುರದ ಬುರುಜಿನ ಮೇಲೆ ನಿಜವಾದ ತೋಪುಗಳ ಮೇಲೆ ಕೂತು ಆಡಿ ಬೆಳೆದ ಜನ. ನಮಗೆ ತೋಪೆಂದರೆ ತೋಪೇ. ಯಾವುದೋ ವಾಡೆಯಿಂದ ಸಿನಿಮಾದವರು ತಂದ ಹಳೆ ಕಾಲದ ಪಂಚಲೋಹದ ತೋಪು ಎಂದು ಸಾವಕಾರರು ಹೇಳಿದರು. ಕೊಟ್ಟವನು ಹೇಳಿದ್ದೂ ಅದೇ. ಅಂಗಳದಲ್ಲಿ ನಿಲ್ಲಿಸಿ ಚೀಟಿ ಬರೆದು ತೂಗುಹಾಕಿದರು.

ಶ್ರಾವಣದಲ್ಲಿ ಅದರ ಮೇಲೆ ತಾಡಪತ್ರಿಯ ಹೊದಿಕೆ ಬಂತು. ಸ್ವಲ್ಪ ದಿನಕ್ಕೆ ಹೊಸ ಬಣ್ಣವೂ ಬಂತು. ಮಳೆಗೆ ಮಾಸಿತ್ತು ಎಂದರು. ಆಮೇಲೆ ಬಂದವರಿಗೆ ಕಿರೀಟ, ಗದೆಯ ಕಥೆ ಹೇಳುತ್ತಿದ್ದರೇ ಹೊರತು ತೋಪಿನ ಹತ್ತಿರ ಕರೆದೊಯ್ಯುತ್ತಿರಲಿಲ್ಲ. ಇದನ್ನು ನಾನು ಗಮನಿಸಿದ್ದೆ. ಕಾರಣ ಕೇಳಿರಲಿಲ್ಲ.

ನಮ್ಮೂರಲ್ಲಿ ವಿಜಯದಶಮಿಯ ಸಂಜೆ ಜನ ಸೀಮೆ ದಾಟಿ ಬನ್ನಿ ಗಿಡಕ್ಕೆ ಹೋಗುತ್ತಾರೆ. ಪೂಜೆ ಮುಗಿದ ಕೂಡಲೇ ಗರ್ನಾಲು ಹಾರಬೇಕು. ಅದರ ಸಪ್ಪಳ ಕೇಳಿದ ಮೇಲೆಯೇ ಬನ್ನಿ ಹಂಚುವುದು. ಗರ್ನಾಲೆಂದರೆ ನೆಲದಲ್ಲಿ ನೆಟ್ಟು, ಮದ್ದು ತುಂಬಿ, ಮೇಲೆ ಇಟ್ಟಂಗಿ ಪುಡಿ ಜಡಿದು ಹಾರಿಸುವ ಕಬ್ಬಿಣದ ಕೊಳವೆ. ಈ ಕೆಲಸ ಮೌಲಾಸಾಬನದು, ಅದಕ್ಕೆ ಮೊದಲು ಅವನಪ್ಪನದು. ಆ ವರ್ಷ ಗರ್ನಾಲು ಸೀಳು ಬಿಟ್ಟಿತ್ತು. ಹೊಸದನ್ನು ಮಾಡಿಸುವುದು ಆಗಿರಲಿಲ್ಲ.

ಹಿಂದಿನ ದಿನ ಖಂಡೆ ಪೂಜೆ. ಮನೆಯಲ್ಲಿರುವ ಕತ್ತಿ, ಕೊಡಲಿ, ಕುಡಗೋಲು, ತಕ್ಕಡಿ, ಎಲ್ಲಕ್ಕೂ ಕುಂಕುಮ ಹಚ್ಚಿ ಪೂಜಿಸುವ ದಿನ. ಅಂಗಳದಲ್ಲಿ ತೋಪು ನಿಲ್ಲಿಸಿಕೊಂಡವರು ತಕ್ಕಡಿಗೆ ಮಾತ್ರ ಪೂಜೆ ಮಾಡಿದರೆ ಹೇಗಾದೀತು? ಸಾವಕಾರರು ತಾಡಪತ್ರಿ ತೆಗೆದು, ತೋಪಿಗೆ ಹಾರ ಹಾಕಿ ಕಾಯಿ ಒಡೆದರು. ಫಳಾರಕ್ಕೆ ಬಂದಿದ್ದ ಊರ ಗೌಡರು ಅದನ್ನು ನೋಡಿದರು.

"ಪೂಜಿ ಆದ ಆಯುಧ ಮನ್ಯಾಗ ಕುಂದ್ರಬಾರದು, ಗುರುಲಿಂಗಪ್ಪ," ಎಂದರು ಗೌಡರು. "ಗರ್ನಾಲು ಬ್ಯಾರೆ ಇಲ್ಲ. ನಾಳಿ ನಿನ್ನ ತೋಪು ಸೀಮಿಗೆ ಬರ್ಲಿ."

ಸಾವಕಾರರು ಹಳೆ ತೋಪು, ಬೇಡ ಎನ್ನುವಂತೆ ಏನೋ ಹೇಳಿದರು. ವಿಜಾಪುರದ ತೋಪು ಇದಕ್ಕಿಂತ ಹಳೆಯದಲ್ಲವೇ ಎಂದು ಗೌಡರು ಕೇಳಿದರು. ಕೂತವರೆಲ್ಲ ನಕ್ಕರು. ಮದ್ದು ಸ್ವಲ್ಪವೇ ಹಾಕಿಸೋಣ ಎಂದಷ್ಟೇ ಸಾವಕಾರರು ಹೇಳಿ ಒಳಗೆ ಹೋದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನೀಲವ್ವ ಅವರ ಮುಖವನ್ನೇ ನೋಡಿದರು. ಸಾವಕಾರರು ಅವರತ್ತ ನೋಡಲಿಲ್ಲ.

ಮರುದಿನ ಕೋಡಿಗೆ ಬಣ್ಣ ಬಳಿದ ಎತ್ತುಗಳು ತೋಪನ್ನು ಎಳೆದುಕೊಂಡು ಹೊರಟವು. ಮುಂದೆ ಹಲಗೆ, ಕರಡಿ ಮಜಲು ವಾದ್ಯಗಳು. ಬನ್ನಿ ಗಿಡ ಮುಟ್ಟುವಾಗ ಬಿಸಿಲು ಇನ್ನೂ ಇತ್ತು. ತೋಪಿನ ಬಾಯಿಯನ್ನು ಖಾಲಿ ಹೊಲದ ಕಡೆ ತಿರುಗಿಸಿ, ಎತ್ತು ಬಿಚ್ಚಿ ಗಾಲಿಗೆ ಕಲ್ಲು ಕೊಟ್ಟರು. ಮದ್ದನ್ನು ಮೌಲಾಸಾಬ ಮುಂಜಾನೆಯೇ ತುಂಬಿದ್ದ. ಜನ ಬಾಯಿಯ ಎದುರಿಗೆ ನಿಲ್ಲಲಿಲ್ಲ. ಎಡಬಲಕ್ಕೆ, ಹಿಂದಕ್ಕೆ ಒತ್ತೊತ್ತಾಗಿ ನಿಂತರು. ತೋಪು ಮುಂದಕ್ಕೆ ಹಾರುತ್ತದೆ, ಹಾಗಾಗಿ ಹಿಂದೆ ನಿಂತವರಿಗೆ ಏನೂ ಆಗದು ಎಂಬ ಲೆಕ್ಕ. ಕೂಸು ಎತ್ತಿಕೊಂಡ ಹೆಣ್ಣುಮಕ್ಕಳು ಚೆನ್ನಾಗಿ ಕಾಣಲೆಂದು ಹಿಂದಿನ ಗಾಲಿಯ ಹತ್ತಿರವೇ ಇದ್ದರು.

ನಾನೂ ಅದೇ ಗಾಲಿಯ ಬದಿಗೆ ಇದ್ದೆ. ಗಾಲಿಯ ಅರದ ಮೇಲೆ ಮಣ್ಣಿನ ಒಂದು ಗೆರೆ ಕಂಡಿತು. ದಾರಿಯ ಕೆಸರಾಗಿರಬೇಕು ಎಂದುಕೊಂಡೆ. ಆದರೆ ಅಂಥದೇ ಗೆರೆ ತೋಪಿನ ಹೊಟ್ಟೆಯ ಮೇಲೂ ಏರಿ ಚೆಂಡುಹೂವಿನ ಹಾರದ ಕೆಳಗೆ ಹೋಗಿತ್ತು. ಹಾರ ಸರಿಸಿದೆ. ಗೆರೆ ಕಿವಿಯ ವರೆಗೆ, ಅಂದರೆ ಬೆಂಕಿ ಮುಟ್ಟಿಸುವ ತೂತಿನ ವರೆಗೆ ಹೋಗಿತ್ತು. ಪೆನ್ನಿನ ತುದಿಯಿಂದ ಕೆದರಿದೆ. ಮಣ್ಣು ಉದುರಿ, ಬಿಳಿ ಹುಳ ಕಂಡವು. ಒರಲೆ. ಪೆನ್ನನ್ನು ಸ್ವಲ್ಪ ಒತ್ತಿದೆ. ಅದು ಹಿತ್ತಾಳೆಯ ಬಣ್ಣದ ಒಳಗೆ ಸಲೀಸಾಗಿ ಇಳಿಯಿತು.

ಲೋಹಕ್ಕೆ ಒರಲೆ ಹತ್ತುವುದಿಲ್ಲ.

ಗೌಡರು ಗಿಡದ ಪೂಜೆಗೆ ಕೂತಿದ್ದರು. ಅವರು ಎದ್ದು ಹೆಗಲ ಮೇಲಿನ ಶಲ್ಯ ಬೀಸಿದರೆ ಮೌಲಾಸಾಬ ಬತ್ತಿ ಹಚ್ಚಬೇಕು. ನಾನು ಜನರನ್ನು ಸರಿಸಿಕೊಂಡು ಸಾವಕಾರರ ಹತ್ತಿರ ಹೋದೆ. ಕಿವಿಯ ಬಳಿ ಬಗ್ಗಿ, "ಸಾವಕಾರ್ರ, ತೋಪಿಗೆ ಒರಲಿ ಹತ್ತೈತ್ರಿ," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. "ಗೊತ್ತೈತಿ," ಎಂದರು.

ಮದ್ದು ಕಡಿಮೆ ಹಾಕಲು ಹೇಳಿದ್ದೇನೆ, ಬರೀ ಹೊಗೆ ಬಂದು ಹೋಗುತ್ತದೆ, ಸಿನಿಮಾದಲ್ಲಿಯೂ ಹಾಗೆಯೇ ಆಗಿದ್ದು ಎಂದು ಹೇಳಿದರು. ಅವರ ಕೈ ರುಮಾಲಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಎಂದೆ.

"ಯಾರು ನಂಬ್ತಾರ, ಮಾಸ್ತರ?" ಎಂದು ಅವರು ಕೇಳಿದರು. ಹೆದರಿಸುವ ದನಿಯಲ್ಲ. ನಿಜವಾಗಿ ಕೇಳಿದಂತಿತ್ತು.

ನಾನು ಮೌಲಾಸಾಬನ ಕಡೆಗೆ ನಡೆದೆ. ಉದ್ದ ಕೋಲಿನ ತುದಿಗೆ ಕಟ್ಟಿದ ಚಿಂದಿಗೆ ಕೆಂಡ ಹಿಡಿಸಿ ಊದುತ್ತಿದ್ದ. ಹೊಸ ಅಂಗಿ ತೊಟ್ಟಿದ್ದ. ಮದ್ದು ಎಷ್ಟು ಹಾಕಿದ್ದೀ ಎಂದು ಕೇಳಿದೆ. ಸಾವಕಾರರು ಸ್ವಲ್ಪವೇ ಎಂದಿದ್ದರಂತೆ. ಆದರೆ ಇಂಥ ತೋಪಿಗೆ ಗರ್ನಾಲಿನ ಅಳತೆ ಹಾಕಿದರೆ ಹೋದವರು ಬಂದವರು ನಕ್ಕಾರೆಂದು ಅದರ ಮೂರು ಪಟ್ಟು ತುಂಬಿ, ಇಟ್ಟಂಗಿ ಪುಡಿ ಹಾಕಿ ಗಟ್ಟಿಯಾಗಿ ಜಡಿದಿದ್ದ. ತೋಪು ಕಟ್ಟಿಗೆಯದು ಎಂದೆ. ಅವನು ಬೆಂಕಿಯಿಂದ ಕಣ್ಣು ತೆಗೆಯದೆ ನಕ್ಕ.

"ಬಾಯಾಗ ಕೈ ಹಾಕಿ ನೋಡೇನ್ರಿ, ಮಾಸ್ತರ. ಕಬ್ಬಣ ಐತಿ. ನೀವು ಪೇಪರಿನವರು, ಹೆದರಿಕಿ ಭಾಳ."

ಬಾಯಿಯ ಒಳಗೆ ಸಿನಿಮಾದವರು ಮೊಳದುದ್ದ ಕಬ್ಬಿಣದ ಕೊಳವೆ ಕೂರಿಸಿದ್ದರು. ಅದರ ಆಚೆಗೆ ಇದ್ದದ್ದು ಕಟ್ಟಿಗೆ. ಮದ್ದು ಕೂತಿದ್ದು ಆ ಕಟ್ಟಿಗೆಯಲ್ಲಿ. ಇದು ನಮಗೆ ಆಮೇಲೆ ತಿಳಿದದ್ದು.

ಹೆಣ್ಣುಮಕ್ಕಳಿಗೆ ಹಿಂದೆ ಸರಿಯಿರಿ ಎಂದು ಹೇಳಲು ಶುರು ಮಾಡಿದೆ. ಒಬ್ಬಿಬ್ಬರು ಸರಿದರು. ಅವರ ಜಾಗಕ್ಕೆ ಬೇರೆಯವರು ಬಂದರು. ಅಷ್ಟರಲ್ಲಿ ಹಲಗೆ ನಿಂತಿತು. ಗೌಡರು ಎದ್ದು ಶಲ್ಯ ಬೀಸಿದರು. ಮೌಲಾಸಾಬ ಕೋಲು ಚಾಚಿ ಬತ್ತಿಗೆ ಕೆಂಡ ಮುಟ್ಟಿಸಿದ. ಮದ್ದು ಸುತ್ತಿದ ಕಾಗದದ ಬತ್ತಿ ಅದು, ಗೇಣುದ್ದ ಹೊರಗಿತ್ತು. ತುದಿ ಕೆಂಪಾಯಿತು, ಚುರ್ ಎಂದು ಉರಿಯತೊಡಗಿತು. ಅವನು ರೂಢಿಯಂತೆ ಹಿಂದೆ ಹೋಗಲಿಲ್ಲ. ಊರೆಲ್ಲ ನೋಡುತ್ತಿರುವ ತೋಪಿನ ಬದಿಗೆ ಕೋಲು ಊರಿಕೊಂಡು ನಿಂತ.

ಆಗ ಸಾವಕಾರರು ಕೈ ಚಾಚಿದರು. ಪಕ್ಕದಲ್ಲಿದ್ದ ನೀಲವ್ವನ ಕೈಯಲ್ಲಿ ಪೂಜೆಯ ನೀರಿನ ತಂಬಿಗೆ ಇತ್ತು. ಇವರು ಕೈ ಚಾಚುವ ಮೊದಲೇ ಆ ತಂಬಿಗೆ ಮುಂದೆ ಬಂದಿತ್ತು. ಅದನ್ನು ಹಿಡಿದುಕೊಂಡು ಅವರು ಬಯಲಿಗೆ ಇಳಿದರು. ಓಡಲಿಲ್ಲ. ನಡೆದರು. ಬತ್ತಿ ತೂತಿನ ಹತ್ತಿರ ಬಂದಿತ್ತು. ತಂಬಿಗೆಯ ನೀರನ್ನು ಅದರ ಮೇಲೆ ಸುರಿದು, ಮೇಲೆ ಅಂಗೈ ಒತ್ತಿ ಹಿಡಿದರು. ಬೆರಳ ಸಂದಿನಿಂದ ಹೊಗೆ ಬಂದು ನಿಂತಿತು.

"ಹಬ್ಬದ ದಿನ ಬೆಂಕಿಗೆ ನೀರು ಹಾಕಿದಿ," ಎಂದರು ಗೌಡರು. ಅವರ ದನಿ ಏರಿರಲಿಲ್ಲ. "ಯಾಕ?"

"ಇದು ತೋಪಲ್ಲರಿ, ಗೌಡ್ರ. ಬಡಿಗ್ಯಾರ ಕೆಲಸ. ಕಟಿಗಿ ಐತಿ."

ಜನ ನಂಬಲಿಲ್ಲ. ಖೊಟ್ಟಿ ಮಾಲ್ ಇಲ್ಲ ಎಂದು ಇಷ್ಟು ವರ್ಷ ಹೇಳಿದವರು ಅವರೇ. ತೋಪಿನ ಭಾರವನ್ನು ಕಂಡವರು ಊರವರೇ. ಹಿಂದಿನಿಂದ ಯಾರೋ, ಹಾರಿಸಿದರೆ ತೋಪು ಸವೆಯುತ್ತದೆಂದು ಸಾವಕಾರನಿಗೆ ಚಿಂತೆ ಎಂದರು. ನಗೆ ಎದ್ದಿತು. ಇನ್ನೊಬ್ಬ, ಮುಂದಿನ ವರ್ಷ ಬನ್ನಿಯನ್ನೂ ಪಡಸಾಲೆಯಲ್ಲಿಟ್ಟು ಚೀಟಿ ಹಚ್ಚಲಿ ಎಂದ. ಆದರೆ ನಗದೇ ಇದ್ದವರ ಮುಖಗಳು ಬೇರೆ ಇದ್ದವು. ಸೀಮೆಯಲ್ಲಿ ಹಚ್ಚಿದ ಬೆಂಕಿ ಆರಿದ್ದು ಅಪಶಕುನ ಎಂದು ಹಿರಿಯರು ಗುಸುಗುಸು ಶುರು ಮಾಡಿದರು. ತರುಣರು ಸಾವಕಾರರ ಸುತ್ತ ಹತ್ತಿರ ಹತ್ತಿರ ಬಂದರು. ಗೌಡರು ಒಂದು ಗಳಿಗೆ ಯೋಚಿಸಿ, ತೂತನ್ನು ಒರೆಸಿ ಬೇರೆ ಬತ್ತಿ ಹಾಕು ಎಂದು ಮೌಲಾಸಾಬನಿಗೆ ಹೇಳಿದರು. ಅವನು ಸೊಂಟದ ಚೀಲದಿಂದ ಇನ್ನೊಂದು ಬತ್ತಿ ತೆಗೆದ.

ನಾನು ಒರಲೆಯ ಮಾತು ಹೇಳಿದೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಬನ್ನಿ ಟೊಂಗೆ ಕಡಿಯಲು ತಂದ ಕೊಡಲಿ ಗಿಡದ ಬುಡದಲ್ಲಿ ಇತ್ತು. ಸಾವಕಾರರು ಅದನ್ನು ಎತ್ತಿಕೊಂಡರು. ಅವರು ತನ್ನ ಮೇಲೆಯೇ ಬಂದರೆಂದು ಮುಂದೆ ನಿಂತಿದ್ದ ತರುಣನೊಬ್ಬ ಹಿಂದೆ ಜಿಗಿದ. ಅವರು ಮದ್ದು ತುಂಬಿದ ಹಿಂಭಾಗ ಬಿಟ್ಟು, ತೋಪಿನ ನಡುವಿಗೆ ಸರಿಯಾಗಿ ನಿಂತು ಕೊಡಲಿ ಬೀಸಿದರು. ಮೊದಲ ಏಟಿಗೆ ನಡುವಿಗೆ ಸುತ್ತಿದ್ದ ತಗಡಿನ ಪಟ್ಟಿ ಹರಿಯಿತು. ಎರಡನೆಯದಕ್ಕೆ ಬಿಳಿ ಗಾರೆ ಉದುರಿತು. ಮೂರನೆಯ ಏಟು ಕಟ್ಟಿಗೆಗೆ ಬಿದ್ದು ಅಲ್ಲೇ ಸಿಕ್ಕಿಕೊಂಡಿತು. ಜಗ್ಗಿ ತೆಗೆದಾಗ ಹೋಳು ಕಿತ್ತು ಬಂದು, ಒಳಗಿನಿಂದ ಒರಲೆ ಹಿಡಿ ಹಿಡಿಯಾಗಿ ನೆಲಕ್ಕೆ ಸುರಿದವು. ಅವರು ಬಗ್ಗಿ ಗಾಲಿಯ ಮೇಲಿನ ಪೆಟ್ಟಿಗೆಯನ್ನೂ ಒಡೆದರು. ಅದರಲ್ಲಿ ಉಸುಕಿನ ಚೀಲಗಳಿದ್ದವು. ಭಾರ ಅದರದು.

ಕೊಡಲಿ ಕೆಳಗಿಟ್ಟು ಅವರು ಅಲ್ಲೇ ನಿಂತರು. ಕೂಸು ಎತ್ತಿಕೊಂಡ ಹೆಣ್ಣುಮಕ್ಕಳು ತಾವಾಗಿಯೇ ಹಿಂದೆ ಸರಿದರು.

ಮೌಲಾಸಾಬ ಕೋಲಿನ ಕೆಂಡವನ್ನು ಮಣ್ಣಿಗೆ ಒತ್ತಿ ಆರಿಸಿದ. ಆಮೇಲೆ ಬಂದು ಒಡೆದ ಜಾಗಕ್ಕೆ ಬೆರಳು ಹಾಕಿದ. ಕಟ್ಟಿಗೆ ಬೆರಳಿಗೆ ಪುಡಿಯಾಯಿತು. ತಾನು ಕೋಲೂರಿ ನಿಂತಿದ್ದ ಜಾಗವನ್ನು ಒಮ್ಮೆ ನೋಡಿದ.

"ಯಾವಾಗ ಗೊತ್ತಾತ್ರಿ ಸಾವಕಾರ್ರ?"

"ಶ್ರಾವಣದಾಗ."

"ಮುಂಜಾನಿ ನಾ ಮದ್ದು ತುಂಬಾಕತ್ತಾಗ ನೀವು ಅಲ್ಲೇ ಕಟ್ಟಿ ಮ್ಯಾಲ ಕುಂತಿದ್ರಿ."

ಮೌಲಾಸಾಬ ಉತ್ತರಕ್ಕೆ ಕಾಯದೆ ನೀರು ತರಿಸಿ ತೋಪಿನ ಬಾಯಿಂದ ಸುರಿದು, ತಾನು ಜಡಿದ ಪುಡಿಯನ್ನು ತಾನೇ ಕೆದರಿ ಕೆದರಿ ತೆಗೆದ. ಮದ್ದೆಲ್ಲ ಹೊರಬರುವ ತನಕ ಯಾರನ್ನೂ ಹತ್ತಿರ ಬಿಡಲಿಲ್ಲ.

ಆ ವರ್ಷ ಸಪ್ಪಳವಿಲ್ಲದೆ ಬನ್ನಿ ಹಂಚಿದರು. ಗೌಡರು ಮೊದಲ ಎಸಳನ್ನು ಸಾವಕಾರರಿಗೇ ಕೊಟ್ಟರು. "ಬನ್ನಿ ತೊಗೊಂಡು ಬಂಗಾರದ್ಹಂಗ ಇರೋಣು" ಎಂಬ ಮಾತನ್ನು ಅಂದರೋ ಇಲ್ಲವೋ ನನಗೆ ಕೇಳಿಸಲಿಲ್ಲ. ನಮ್ಮಲ್ಲಿ ಆ ಸಂಜೆ ವ್ಯಾಜ್ಯವಿದ್ದವರೂ ಒಬ್ಬರಿಗೊಬ್ಬರು ಬನ್ನಿ ಕೊಡುತ್ತಾರೆ. ಮೌಲಾಸಾಬನೂ ಎಲ್ಲರಿಗೂ ಕೊಟ್ಟುಕೊಂಡು ಬಂದ, ನನಗೂ ಕೊಟ್ಟ. ಸಾವಕಾರರ ಮುಂದೆ ಬಂದಾಗ ಕೈಯಲ್ಲಿ ಎಸಳು ಇತ್ತು. ಅವರು ಎರಡೂ ಕೈ ಒಡ್ಡಿದರು. ಬಲಗೈಯ ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಮೌಲಾಸಾಬ ಅದನ್ನು ನೋಡಿದ.

"ಇವತ್ತ ಬ್ಯಾಡ್ರಿ," ಎಂದು ಹೇಳಿ ಎಸಳನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಊರ ಕಡೆ ಹೋದ.

ನಾನು ಪತ್ರಿಕೆಗೆ ಈ ಭಾಗದ ದಸರೆ ಸುಸೂತ್ರವಾಗಿ ನಡೆಯಿತು ಎಂದು ಎರಡು ಸಾಲು ಕಳಿಸಿದೆ. ಒಡೆದ ತೋಪನ್ನು ಅಲ್ಲೇ ಹೊಲದ ಅಂಚಿನಲ್ಲಿ ಸುಟ್ಟರು. ಸಹಿ ಇದ್ದ ಬಾಯಿಯ ಭಾಗವನ್ನು ಮಾತ್ರ ಸಾವಕಾರರು ಕೊಯ್ಯಿಸಿ, ಒರಲೆಯ ಔಷಧ ಹಚ್ಚಿಸಿ ಇಟ್ಟುಕೊಂಡರು. ಅದರ ಕೆಳಗಿನ ಚೀಟಿಯಲ್ಲಿ ನಟನ ಹೆಸರು, ಸಿಂದಗಿ ಲಿಲಾವು, ಆಮೇಲೆ 'ಕಟ್ಟಿಗೆ' ಎಂಬ ಒಂದು ಶಬ್ದ ಇದೆ. ಬಂದವರಿಗೆ ಚಹಾ ಈಗಲೂ ಸಿಗುತ್ತದೆ. ಖೊಟ್ಟಿ ಮಾಲ್ ಇಲ್ಲ ಎಂಬ ಮಾತನ್ನು ನಾನು ಮತ್ತೆ ಕೇಳಿಲ್ಲ.

ಮುಂದಿನ ವರ್ಷ ಸಾವಕಾರರು ಹೊಸ ಗರ್ನಾಲು ಎರಕ ಹೊಯ್ಯಿಸಿ ಊರಿಗೆ ಕೊಟ್ಟರು. ಮೌಲಾಸಾಬ ಅದನ್ನು ಕಲ್ಲಿನಿಂದ ಸುತ್ತಲೂ ತಟ್ಟಿ ನೋಡಿದ. ಹಾರಿಸುತ್ತೇನೆ, ಆದರೆ ಒಂದು ಶರ್ತು ಎಂದು ಗೌಡರ ಮುಂದೆ ಹೇಳಿದ: ತಾನು ಬತ್ತಿ ಹಚ್ಚುವಾಗ ಸಾವಕಾರರು ತನ್ನ ಬದಿಗೆ ನಿಲ್ಲಬೇಕು. ಗೌಡರು ಸಾವಕಾರರ ಕಡೆ ನೋಡಿದರು. ಅವರು ರುಮಾಲು ಸರಿಮಾಡಿಕೊಂಡು ಎದ್ದರು. ಆ ಸಂಜೆ ಸಪ್ಪಳ ಆದ ಮೇಲೆ ಮೌಲಾಸಾಬ ಅವರಿಗೆ ಬನ್ನಿ ಕೊಟ್ಟ.

ಶರ್ತು ಒಂದೇ ವರ್ಷದ್ದು ಎಂದು ನಾವೆಲ್ಲ ತಿಳಿದಿದ್ದೆವು. ಇದನ್ನು ಬರೆಯುತ್ತಿರುವ 1979ರ ದಸರೆಯಲ್ಲೂ ಮೌಲಾಸಾಬ ಕೋಲಿಗೆ ಕೆಂಡ ಹಿಡಿಸಿದಾಗ ಗುರುಲಿಂಗಪ್ಪ ಸಾವಕಾರರು ಗರ್ನಾಲಿನಿಂದ ಒಂದು ಮಾರು ದೂರದಲ್ಲಿ, ಅವನ ಎಡಬದಿಗೆ ನಿಂತಿದ್ದರು.